ಜಯಂಟ್ಸ್‌ಗೆ ಕೊರತೆ ಇರುವುದು ದೊಡ್ಡ ಹೊಡೆತಗಾರನದ್ದೇ?

ಪ್ರಶ್ನೆ: ಕ್ರಿಕೆಟ್ ನೋಡಿಕೊಂಡು ಬೆಳೆದವನು ನಾನು. ಈಗ ಸನ್ನಿವೇಲ್‌ನಲ್ಲಿದ್ದೇನೆ, ಆಫೀಸಿನ ತುಂಬಾ ಸ್ಯಾನ್ ಫ್ರಾನ್ಸಿಸ್ಕೊ ಜಯಂಟ್ಸ್ ಅಭಿಮಾನಿಗಳು. ಬೇಸ್‌ಬಾಲ್ ನಿಯಮಗಳು ತಕ್ಕಮಟ್ಟಿಗೆ ತಲೆಗೆ ಹೋಗಿವೆ. ‘ಹೋಮ್ ರನ್ ಹೊಡೆಯುವವನೊಬ್ಬನನ್ನು ತಂದುಬಿಟ್ಟರೆ ತಂಡ ಸರಿಹೋಗುತ್ತದೆ’ ಎಂದು ಹಳಬರು ಪ್ರತಿವರ್ಷ ಹೇಳುತ್ತಾರೆ. ನಿಜವೇ? 2021ರಲ್ಲಿ 107 ಪಂದ್ಯ ಗೆದ್ದ ತಂಡ ಆಮೇಲೆ ಎಂಬತ್ತರ ಆಸುಪಾಸಿನಲ್ಲೇ ಯಾಕೆ ನಿಂತುಬಿಟ್ಟಿದೆ? ಮೈದಾನಕ್ಕೆ ಹೋದರೆ ಎಲ್ಲಿ ಕೂರಬೇಕು, ಏನು ನೋಡಬೇಕು?

ಉತ್ತರ: ಹಳಬರ ಮಾತು ಹತ್ತು ವರ್ಷದ ಹಿಂದೆ ಅರ್ಧ ನಿಜವಾಗಿತ್ತು. ಈಗ ಅಷ್ಟೂ ಇಲ್ಲ. 2025ರ ಋತು ಮುಗಿಯುವ ಹೊತ್ತಿಗೆ ತಂಡದಲ್ಲಿ ದೊಡ್ಡ ಹೊಡೆತಗಾರರು, ಅಂದರೆ ಚೆಂಡನ್ನು ಹೊರಗೋಡೆ ದಾಟಿಸಿ ಹೋಮ್ ರನ್ ಹೊಡೆಯುವವರು, ಒಬ್ಬರಲ್ಲ, ಮೂವರಿದ್ದರು. ವಿಲ್ಲಿ ಅಡಾಮೆಸ್‌ಗೆ 7 ವರ್ಷಕ್ಕೆ 18.2 ಕೋಟಿ ಡಾಲರ್, ಮ್ಯಾಟ್ ಚ್ಯಾಪ್‌ಮನ್‌ಗೆ 6 ವರ್ಷಕ್ಕೆ 15.1 ಕೋಟಿ, ಜೊತೆಗೆ ಬಾಸ್ಟನ್‌ನಿಂದ ಬಂದ ರಫಾಯೆಲ್ ಡೆವರ್ಸ್, ಅವರ ಒಪ್ಪಂದ 2033ರವರೆಗೆ. ಇಷ್ಟೆಲ್ಲ ಇದ್ದೂ ತಂಡ ಗೆದ್ದದ್ದು 81, ಸೋತದ್ದು 81. ಹಾಗಾಗಿ ‘ಯಾರನ್ನು ತರಬೇಕು’ ಎನ್ನುವುದಕ್ಕಿಂತ ಮೊದಲು ‘ಎಲ್ಲಿ ಆಡುತ್ತಾರೆ’ ಎಂದು ಕೇಳಬೇಕು. ಈ ತಂಡದ ಗೆಲುವು, ಸೋಲು, ತಲೆನೋವು ಮೂರಕ್ಕೂ ಓರಾಕಲ್ ಪಾರ್ಕ್ ಮೈದಾನದಲ್ಲೇ ಬೇರಿದೆ. ವರ್ಷದ 162 ಪಂದ್ಯಗಳಲ್ಲಿ 81 ಅಲ್ಲೇ ನಡೆಯುತ್ತವೆ.

ಬೇಸ್‌ಬಾಲ್‌ನಲ್ಲಿ ಎಲ್ಲ ಮೈದಾನಕ್ಕೂ ಒಂದೇ ಅಳತೆ ಇರಬೇಕೆಂಬ ನಿಯಮವಿಲ್ಲ. ಹೋಮ್ ಪ್ಲೇಟ್‌ನಿಂದ ಬೇಸ್‌ಗಳ ದೂರ, ಪಿಚರ್ ನಿಲ್ಲುವ ಜಾಗ ಇಷ್ಟೇ ಖಚಿತ. ಹೊರಗೋಡೆ ಎಲ್ಲಿ, ಎಷ್ಟು ಎತ್ತರ ಎಂಬುದು ಆಯಾ ಮೈದಾನಕ್ಕೆ ಬಿಟ್ಟದ್ದು. 2000ದಲ್ಲಿ ತೆರೆದ ಓರಾಕಲ್ ಪಾರ್ಕ್ ಕೊಲ್ಲಿಯ ನೀರಿಗೆ ಒತ್ತಿಕೊಂಡಿದೆ. ಬಲಭಾಗದಲ್ಲಿ ಜಾಗ ಸಾಲದ ಕಾರಣ ಬಲಗೆರೆಯ ಕೊನೆಯ ಗೋಡೆ ಬರೀ 309 ಅಡಿಗೆ ಬಂದುಬಿಟ್ಟಿದೆ. ಕೇಳಿದರೆ ಎಡಗೈ ಬ್ಯಾಟರ್‌ಗೆ ಹಬ್ಬ ಅನ್ನಿಸುತ್ತದೆ. ಆದರೆ ಆ ಗೋಡೆಯ ಎತ್ತರ 24 ಅಡಿ. ಇದು ತಂಡದ ದಂತಕಥೆ ವಿಲ್ಲಿ ಮೇಸ್ ತೊಡುತ್ತಿದ್ದ 24ನೇ ನಂಬರಿಗೆ ಸಲ್ಲಿಸಿದ ಗೌರವ. ಗೆರೆಯಿಂದ ಸ್ವಲ್ಪ ಒಳಗೆ ಬಂದರೆ ಸಾಕು, ಗೋಡೆ ಸರಸರನೆ ಹಿಂದಕ್ಕೆ ಓಡುತ್ತದೆ: ರೈಟ್-ಸೆಂಟರ್‌ನಲ್ಲಿ 365 ಅಡಿ, ಅಲ್ಲಿಂದ ಮೂಲೆಗೆ 415 ಅಡಿ. ಅಲ್ಲಿಗೆ ಬಿದ್ದ ಚೆಂಡಿಗೆ ಬ್ಯಾಟರ್ ಮೂರು ಬೇಸ್ ಓಡಬಹುದು, ಅದಕ್ಕೇ ಆ ಮೂಲೆಗೆ ‘ಟ್ರಿಪಲ್ಸ್ ಆ್ಯಲಿ’ ಎನ್ನುತ್ತಾರೆ. ಮೊದಲು ಅದು 421 ಅಡಿ ಇತ್ತು. ಆಗ ಪಿಚರ್‌ಗಳು ತಯಾರಾಗುವ ಬುಲ್‌ಪೆನ್ ಮೈದಾನದ ಒಳಗೇ, ಫೌಲ್ ಜಾಗದಲ್ಲಿತ್ತು. ಚೆಂಡು ಹಿಡಿಯಲು ಓಡಿಬರುವ ಫೀಲ್ಡರ್‌ಗಳು ಅಲ್ಲಿನ ದಿಬ್ಬಕ್ಕೆ ಎಡವುವ ಅಪಾಯವಿತ್ತು. 2020ರಲ್ಲಿ ಅದನ್ನು ಗೋಡೆಯ ಆಚೆಗೆ ಸ್ಥಳಾಂತರಿಸಿದಾಗ ಮೂಲೆ 415ಕ್ಕೆ ಬಂತು, ನಡುಗೋಡೆ 399ರಿಂದ 391ಕ್ಕೆ ಬಂತು.

ಅಳತೆಯ ಜೊತೆಗೆ ಗಾಳಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಕೊಲ್ಲಿಯ ಮಂಜಿನ ತೇವಕ್ಕೆ ಗಾಳಿ ಭಾರವಾಗಿ ಚೆಂಡು ಹೋಗುವುದಿಲ್ಲ ಎಂದು ಸ್ಟ್ಯಾಂಡಿನಲ್ಲಿ ಎಲ್ಲರೂ ಹೇಳುತ್ತಾರೆ, ಅದು ತಪ್ಪು. ನೀರಾವಿ ಬೆರೆತ ಗಾಳಿ ಒಣಗಾಳಿಗಿಂತ ತುಸು ಹಗುರವೇ. ಚೆಂಡನ್ನು ತಡೆಯುವುದು ಚಳಿ. ತಣ್ಣನೆಯ ಗಾಳಿ ದಟ್ಟ, ಸಮುದ್ರಮಟ್ಟದಲ್ಲಿ ಇನ್ನಷ್ಟು ದಟ್ಟ. ಜುಲೈ ರಾತ್ರಿಯಲ್ಲೂ ಇಲ್ಲಿ 15 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಅದೇ ಹೊಡೆತ ಮೈಲಿ ಎತ್ತರದ ಡೆನ್ವರ್‌ನಲ್ಲಿ ಪ್ರೇಕ್ಷಕರ ನಡುವೆ ಬಿದ್ದರೆ ಇಲ್ಲಿ ಗೋಡೆಯ ಬುಡದಲ್ಲಿ ಕ್ಯಾಚ್. ನೀವು ಹೋದ ಮೊದಲ ರಾತ್ರಿಯೇ ಇದನ್ನು ಕಾಣುತ್ತೀರಿ: ಬ್ಯಾಟಿನ ಸದ್ದಿಗೆ ಜನ ಎದ್ದು ನಿಲ್ಲುತ್ತಾರೆ, ಸೆಂಟರ್ ಫೀಲ್ಡರ್ ಹತ್ತು ಹೆಜ್ಜೆ ಹಿಂದೆ ಹೋಗಿ ಆರಾಮವಾಗಿ ಕೈಯೆತ್ತುತ್ತಾನೆ, ಜನ ಮತ್ತೆ ಕೂರುತ್ತಾರೆ.

ಇದರಿಂದ ಹೊಡೆತ ತಿನ್ನುವವರು ಮುಖ್ಯವಾಗಿ ಎಡಗೈ ಬ್ಯಾಟರ್‌ಗಳು. ಬ್ರಾಂಡನ್ ಬೆಲ್ಟ್ ಅದಕ್ಕೆ ಒಳ್ಳೆಯ ಉದಾಹರಣೆ. ಒಳ್ಳೆಯ ಕಣ್ಣು, ಚೆಂಡನ್ನು ಎತ್ತಿ ಹೊಡೆಯುವ ಬ್ಯಾಟು, ಆದರೂ 2021ಕ್ಕೆ ಮೊದಲು ಯಾವ ವರ್ಷವೂ 20 ಹೋಮ್ ರನ್ ಮುಟ್ಟಲಿಲ್ಲ. ಅವರ ಸಹಜ ಹೊಡೆತ ಹೋಗುತ್ತಿದ್ದುದೇ ಆ ರೈಟ್-ಸೆಂಟರ್ ಮೂಲೆಗೆ. ಬ್ಯಾರಿ ಬಾಂಡ್ಸ್ ಇದೇ ಮೈದಾನದಲ್ಲಿ ಆಡುತ್ತಾ 2001ರಲ್ಲಿ 73 ಹೋಮ್ ರನ್ ಹೊಡೆದರಲ್ಲ ಎಂದು ನೀವು ಕೇಳಬಹುದು. ಹೊಡೆದರು. ಗೋಡೆಯಾಚೆಯ ಮೆಕೋವಿ ಕೋವ್ ನೀರಿಗೂ 35 ಸಲ ಹಾಕಿದರು. ಆದರೆ ಅವರದು ಬೇರೆ ಲೆಕ್ಕ: ಒಳಗಿನ ಚೆಂಡನ್ನು ಬಲಗೆರೆಯ ಪಕ್ಕಕ್ಕೇ ಎಳೆದು, 24 ಅಡಿ ದಾಟುವಷ್ಟು ಎತ್ತಿ ಹೊಡೆಯುತ್ತಿದ್ದರು. ಹಾಗೆ ಹೊಡೆಯಬಲ್ಲವರು ಒಂದು ತಲೆಮಾರಿಗೆ ಒಬ್ಬರು. ಅವರನ್ನು ಅಳತೆಗೋಲು ಮಾಡಿಕೊಂಡು ತಂಡ ಕಟ್ಟಲು ಹೋದದ್ದೇ ಬಾಂಡ್ಸ್ ನಂತರದ ದೊಡ್ಡ ಎಡವಟ್ಟು ಎಂಬುದು ನಮ್ಮ ಅಭಿಪ್ರಾಯ.

2004ರಲ್ಲಿ ಬಾಂಡ್ಸ್ 45 ಹೊಡೆದ ಮೇಲೆ ಒಂದೇ ಋತುವಿನಲ್ಲಿ 30 ಮುಟ್ಟಿದ ಜಯಂಟ್ಸ್ ಆಟಗಾರ ಯಾರು? 2025ರಲ್ಲಿ ಅಡಾಮೆಸ್, ಸರಿಯಾಗಿ 30. ಮಧ್ಯದ 20 ಋತುಗಳಲ್ಲಿ ಒಬ್ಬರೂ ಇಲ್ಲ, ಅದರಲ್ಲಿ ಮೂರು ಸಲ ತಂಡ ಚಾಂಪಿಯನ್ ಆಗಿದೆ! ಬಲಗೈ ಬ್ಯಾಟರ್ ನೀರಿಗೆ ಹೊಡೆದದ್ದಂತೂ ಮೈದಾನ ತೆರೆದು 25ನೇ ಋತುವಿನಲ್ಲಿ, 2024ರ ಸೆಪ್ಟೆಂಬರಿನಲ್ಲಿ, ಹೆಲಿಯೊಟ್ ರಾಮೋಸ್ ಬ್ಯಾಟಿನಿಂದ. ಬಲಗೈಯವನು ಅಲ್ಲಿಗೆ ಕಳಿಸಬೇಕೆಂದರೆ ತನ್ನ ಎದುರು ದಿಕ್ಕಿಗೆ, ತಡವಾಗಿ ಸಿಕ್ಕ ಚೆಂಡನ್ನು, ಅಷ್ಟು ದೂರ ಹೊಡೆಯಬೇಕು.

ಈಗ ಹಳಬರ ಗೊಣಗಾಟಕ್ಕೆ ಬರೋಣ. ಅವರ ನೋವಿಗೆ ಕಾರಣವಿದೆ, ತಂಡ ಬಯಸಿದ ದೊಡ್ಡ ಹೊಡೆತಗಾರರು ಒಬ್ಬೊಬ್ಬರಾಗಿ ಕೈತಪ್ಪಿದರು. 2019ರಲ್ಲಿ ಬ್ರೈಸ್ ಹಾರ್ಪರ್ ಫಿಲಡೆಲ್ಫಿಯಾಕ್ಕೆ ಹೋದರು. 2022ರ ಡಿಸೆಂಬರಿನಲ್ಲಿ ಆರನ್ ಜಡ್ಜ್ ಯಾಂಕೀಸ್‌ನಲ್ಲೇ ಉಳಿದರು. ಕ್ಯಾಲಿಫೋರ್ನಿಯಾದ ಹುಡುಗ, ಚಿಕ್ಕಂದಿನಲ್ಲಿ ಜಯಂಟ್ಸ್ ಅಭಿಮಾನಿ, ಅದಕ್ಕೇ ಆಸೆ ಜಾಸ್ತಿಯಿತ್ತು. ಅದೇ ತಿಂಗಳು ಕಾರ್ಲೋಸ್ ಕೊರೆಯಾ ಜೊತೆ 13 ವರ್ಷಕ್ಕೆ 35 ಕೋಟಿ ಡಾಲರ್ ಒಪ್ಪಂದ ಕುದುರಿ, ವೈದ್ಯಕೀಯ ತಪಾಸಣೆಯಲ್ಲಿ ಕಾಲಿನ ಹಳೇ ಗಾಯದ ವಿಷಯ ಎದ್ದು, ಮಾತು ಮುರಿಯಿತು. ಮರುವರ್ಷ ಶೊಹೆಯ್ ಒಟಾನಿ 70 ಕೋಟಿಗೆ ಡಾಡ್ಜರ್ಸ್ ಸೇರಿದರು, ಅದೂ ಬದ್ಧವೈರಿ ಡಾಡ್ಜರ್ಸ್! ಪ್ರತಿಯೊಬ್ಬರಿಗೂ ಬೇರೆ ಬೇರೆ ಕಾರಣ, ಮೈದಾನದ ಮೇಲೊಂದೇ ಹೊರಿಸಲಾಗದು. ಆದರೆ ತನ್ನ ಅಂಕಿಸಂಖ್ಯೆಯ ಮೇಲೆ ಮುಂದಿನ ಸಂಬಳ ನಿಂತಿರುವ ಬ್ಯಾಟರ್‌ಗೆ ಈ ಮೈದಾನ ಲಾಭದ ಜಾಗವಲ್ಲ, ಅದೇ ಸ್ಥಿತಿಯ ಪಿಚರ್‌ಗೆ ಲಾಭದ ಜಾಗ. ಗಾಯದಿಂದ ಎದ್ದು ಬಂದ ಅಥವಾ ಒಂದು ವರ್ಷ ಕೆಟ್ಟದಾಗಿ ಆಡಿದ ಪಿಚರ್‌ಗಳು ಚಿಕ್ಕ ಒಪ್ಪಂದಕ್ಕೆ ಸ್ಯಾನ್ ಫ್ರಾನ್ಸಿಸ್ಕೊಗೆ ಬಂದು, ಹೆಸರು ಸರಿಮಾಡಿಕೊಂಡು, ಬೇರೆಡೆ ದೊಡ್ಡ ಸಂಬಳಕ್ಕೆ ಹೋಗುವುದು ಮಾಮೂಲು. ಕೆವಿನ್ ಗಾಸ್‌ಮನ್ ಹಾಗೇ ಟೊರೊಂಟೊಗೆ 11 ಕೋಟಿಗೆ ಹೋದರು, ಕಾರ್ಲೋಸ್ ರೊಡಾನ್ ಒಂದೇ ವರ್ಷ ಇದ್ದು ಯಾಂಕೀಸ್‌ಗೆ ಹೋದರು.

ಇದರಿಂದ ತಂಡ ಕಟ್ಟುವವರಿಗೆ ಸಿಗುವ ಸೂತ್ರ ಸರಳ: ಪಿಚರ್‌ಗಳನ್ನು ಪೇಟೆಯಲ್ಲಿ ಕೊಳ್ಳಬಹುದು, ಬ್ಯಾಟರ್‌ಗಳನ್ನು ಮನೆಯಲ್ಲೇ ಬೆಳೆಸಬೇಕು, ಇಲ್ಲವೇ ಆಟಗಾರನ ಒಪ್ಪಿಗೆ ಬೇಕಿಲ್ಲದ ಅದಲುಬದಲಿನಲ್ಲಿ ತರಬೇಕು. ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ವ್ಯವಸ್ಥೆ) ಆರಿಸಿದ ಹುಡುಗ ಮೇಜರ್ ಲೀಗಿಗೆ ಬಂದ ಮೇಲೆ ಸುಮಾರು ಆರು ವರ್ಷದ ಸೇವೆ ಮುಗಿಯುವವರೆಗೆ ತಂಡದ ಹಿಡಿತದಲ್ಲಿರುತ್ತಾನೆ. ಮೊದಲ ಮೂರು ವರ್ಷ ಕನಿಷ್ಠಕ್ಕೆ ಹತ್ತಿರದ ಸಂಬಳ, ಆಮೇಲಿನ ಮೂರು ವರ್ಷ ಮಧ್ಯಸ್ಥಿಕೆಯಲ್ಲಿ ತೀರ್ಮಾನವಾದದ್ದು. ತಂಡಗಳು ಗೆಲ್ಲುವುದು ಈ ಆರು ವರ್ಷಗಳಲ್ಲಿ.

2010, 2012, 2014ರ ಪ್ರಶಸ್ತಿಗಳನ್ನು ಈ ಕಣ್ಣಿನಿಂದ ನೋಡಿ. ಟಿಮ್ ಲಿನ್ಸಕಮ್, ಮ್ಯಾಟ್ ಕೇನ್, ಮ್ಯಾಡಿಸನ್ ಬಮ್‌ಗಾರ್ನರ್ ಮೂವರೂ ಮೊದಲ ಸುತ್ತಿನ ಡ್ರಾಫ್ಟ್‌ನಲ್ಲಿ ಸಿಕ್ಕವರು. ಕ್ಯಾಚರ್ ಬಸ್ಟರ್ ಪೋಸಿ 2008ರಲ್ಲಿ ಐದನೇ ಆಯ್ಕೆ. ಬೆಲ್ಟ್, ಶಾರ್ಟ್‌ಸ್ಟಾಪ್ ಬ್ರಾಂಡನ್ ಕ್ರಾಫರ್ಡ್ ಅದೇ ತೋಟದ ಫಸಲು. ಹೊರಗಿನಿಂದ ಬಂದವರು ಸಣ್ಣ ತುಂಡುಗಳು: 2010ರ ಆಗಸ್ಟಿನಲ್ಲಿ ಬೇರೆ ತಂಡ ಕೈಬಿಟ್ಟ ಕೋಡಿ ರಾಸ್ ಎರಡೇ ತಿಂಗಳಲ್ಲಿ ಲೀಗ್ ಫೈನಲಿನ ಶ್ರೇಷ್ಠ ಆಟಗಾರನಾದರು. ಪೋಸಿಗೆ ಜಾಗ ಮಾಡಲು ಋತುವಿನ ನಡುವೆ ಟೆಕ್ಸಸ್‌ಗೆ ಕಳಿಸಿದ ಬೆಂಜಿ ಮೊಲಿನಾ ಅಕ್ಟೋಬರಿನಲ್ಲಿ ಅದೇ ಟೆಕ್ಸಸ್ ಪರ ವರ್ಲ್ಡ್ ಸೀರೀಸಿನಲ್ಲಿ (ಚಾಂಪಿಯನ್ ತೀರ್ಮಾನವಾಗುವ ಅಂತಿಮ ಸರಣಿ) ಎದುರಾಗಿ ನಿಂತದ್ದೂ ಆ ವರ್ಷದ ತಮಾಷೆ. 2012ರ ತಂಡ ಇಡೀ ಋತುವಿನಲ್ಲಿ ಹೊಡೆದದ್ದು 103 ಹೋಮ್ ರನ್, 30 ತಂಡಗಳಲ್ಲೇ ಕಡಿಮೆ. ತವರಿನಲ್ಲಿ ಬರೀ 31. ಆದರೂ ಡೆಟ್ರಾಯ್ಟ್ ವಿರುದ್ಧ ನಾಲ್ಕಕ್ಕೆ ನಾಲ್ಕು ಗೆದ್ದು ಕಪ್ ಎತ್ತಿತು. ಹೋಮ್ ರನ್ ಇಲ್ಲದೆ ಗೆಲ್ಲಲಾಗದು ಎನ್ನುವ ಸಹೋದ್ಯೋಗಿಗೆ ಇದೊಂದು ಅಂಕಿ ಸಾಕು.

ಆ ತಂಡಗಳು ಹೇಗೆ ಗೆಲ್ಲುತ್ತಿದ್ದವು ಎಂಬುದಕ್ಕೆ ಒಂದು ಚೆಂಡನ್ನು ಹತ್ತಿರದಿಂದ ನೋಡೋಣ. 2012ರ ಜೂನ್ 13, ಹೂಸ್ಟನ್ ವಿರುದ್ಧ ಕೇನ್ ಒಬ್ಬರನ್ನೂ ಬೇಸಿಗೆ ಬಿಡದೆ ಆರು ಇನ್ನಿಂಗ್ಸ್ ಮುಗಿಸಿದ್ದಾರೆ. ಏಳನೆಯದರ ಮೊದಲ ಬ್ಯಾಟರ್ ರೈಟ್-ಸೆಂಟರ್‌ನ ಆ ಖಾಲಿ ಜಾಗಕ್ಕೇ ಹೊಡೆಯುತ್ತಾನೆ. ರೈಟ್ ಫೀಲ್ಡಿನಿಂದ ಗ್ರೆಗರ್ ಬ್ಲಾಂಕೊ ಓಡಿ, ಗೋಡೆಯ ಮುಂದಿನ ಮಣ್ಣಿನ ಪಟ್ಟಿಯ ಮೇಲೆ ಮೈಚೆಲ್ಲಿ ಹಾರಿ ಹಿಡಿಯುತ್ತಾರೆ. ಕೇನ್ 14 ಸ್ಟ್ರೈಕ್‌ಔಟ್‌ನೊಂದಿಗೆ 27ಕ್ಕೆ 27 ಔಟ್ ಪಡೆದು ಪರ್ಫೆಕ್ಟ್ ಗೇಮ್ ಮುಗಿಸಿದರು. ಬ್ಲಾಂಕೊ ಮುಖ್ಯ ಬ್ಯಾಟರ್ ಅಲ್ಲ, ದೊಡ್ಡ ಸಂಬಳದವರೂ ಅಲ್ಲ. ಆದರೆ ಈ ಮೈದಾನಕ್ಕೆ ಬೇಕಾದ ಕಾಲುಗಳು ಅವರಿಗಿದ್ದವು. 415 ಅಡಿಯ ಮೂಲೆ ತವರಿನ ಬ್ಯಾಟರ್‌ನಿಂದ ಹೋಮ್ ರನ್ ಕಿತ್ತುಕೊಳ್ಳುತ್ತದೆ, ನಿಜ. ಫೀಲ್ಡರ್ ವೇಗದವನಾಗಿದ್ದರೆ ಎದುರಾಳಿಯಿಂದಲೂ ಕಿತ್ತುಕೊಳ್ಳುತ್ತದೆ. ನಿಧಾನದವನಾಗಿದ್ದರೆ ಎದುರಾಳಿಗೆ ಮೂರು ಬೇಸ್ ದಾನ.

2014ರ ಕಥೆ ಹೆಚ್ಚು ಹೇಳಬೇಕಿಲ್ಲ, ಆಫೀಸಿನಲ್ಲಿ ಎಲ್ಲರೂ ಹೇಳಿಯೇ ಇರುತ್ತಾರೆ: 88 ಗೆದ್ದು ವೈಲ್ಡ್ ಕಾರ್ಡ್ (ಗುಂಪಿನಲ್ಲಿ ಮೊದಲಾಗದ ತಂಡಗಳಿಗಿರುವ ಅವಕಾಶ) ಬಾಗಿಲಿನಿಂದ ಒಳಬಂದ ತಂಡ. ವರ್ಲ್ಡ್ ಸೀರೀಸಿನ ಐದನೇ ಪಂದ್ಯದಲ್ಲಿ 117 ಎಸೆತ ಹಾಕಿ ಒಂದೂ ರನ್ ಕೊಡದ ಬಮ್‌ಗಾರ್ನರ್, ಎರಡೇ ದಿನದ ವಿಶ್ರಾಂತಿಯ ಮೇಲೆ ಏಳನೇ ಪಂದ್ಯಕ್ಕೆ ಮಧ್ಯದಲ್ಲಿ ಬಂದು ಮತ್ತೆ ಐದು ಇನ್ನಿಂಗ್ಸ್, 68 ಎಸೆತ. ಕನ್ಸಾಸ್ ಸಿಟಿಯಲ್ಲಿ 3-2.

ಇನ್ನು 2021. ಆ 107 ಗೆಲುವು ತಂಡದ ದಾಖಲೆ, 241 ಹೋಮ್ ರನ್ ಕೂಡ ತಂಡದ ದಾಖಲೆ. ಬೆಲ್ಟ್ 97 ಪಂದ್ಯಗಳಲ್ಲೇ 29 ಹೊಡೆದರು. ಹಾಗಾದರೆ ಮೈದಾನದ ಮಾತು ಸುಳ್ಳಾಯಿತೇ? ಇಲ್ಲ. ಅದನ್ನು ಸಾಧಿಸಿದ್ದು ಆಗ ತಂಡ ಕಟ್ಟುವ ವಿಭಾಗದ ಮುಖ್ಯಸ್ಥರಾಗಿದ್ದ ಫರ್ಹಾನ್ ಝೈದಿ ಮತ್ತು ಮ್ಯಾನೇಜರ್ (ಮುಖ್ಯ ಕೋಚ್) ಗೇಬ್ ಕಾಪ್ಲರ್ ನಡೆಸಿದ ‘ಪ್ಲಟೂನ್’ ಪದ್ಧತಿ. ಎಡಗೈ ಬ್ಯಾಟರ್‌ಗೆ ಬಲಗೈ ಪಿಚರ್‌ನ ಚೆಂಡು ಬೇಗ ಕಾಣುತ್ತದೆ, ತನ್ನ ಕಡೆಗೇ ತಿರುಗಿ ಬರುತ್ತದೆ. ಅದಕ್ಕೆ ಒಂದೇ ಜಾಗಕ್ಕೆ ಇಬ್ಬರು ಬ್ಯಾಟರ್‌ಗಳನ್ನಿಟ್ಟು, ಎದುರು ಪಿಚರ್ ಬದಲಾದೊಡನೆ ಇವರೂ ಬದಲಾಗುವುದು. ಪ್ರತಿಯೊಬ್ಬನೂ ತನಗೆ ಒಗ್ಗುವ ಪಿಚರ್‌ಗಳನ್ನಷ್ಟೇ ಎದುರಿಸುತ್ತಾನೆ, ಸರಾಸರಿ ಆಟಗಾರನ ಅಂಕಿ ಏರುತ್ತದೆ. ಇದರ ಮೇಲೆ ಪೋಸಿ, ಕ್ರಾಫರ್ಡ್, ಬೆಲ್ಟ್ ಮೂವರು ಹಳಬರು ಒಟ್ಟಿಗೇ ತಮ್ಮ ಕೊನೆಯ ಭರ್ಜರಿ ವರ್ಷ ಆಡಿಬಿಟ್ಟರು.

ಈ ಪದ್ಧತಿ ಎಲ್ಲಿ ಕೈಕೊಡುತ್ತದೆ ಎಂದರೆ, 26 ಜನರ ತಂಡದಲ್ಲಿ ಪಿಚರ್‌ಗಳು 13, ಉಳಿದವರು 13. ಅದರಲ್ಲಿ ನಾಲ್ಕು ಜಾಗಕ್ಕೆ ಇಬ್ಬಿಬ್ಬರು ಎಂದರೆ ಬೆಂಚಿನಲ್ಲಿ ಬೇರೆ ಯಾರಿಗೂ ಎಡೆಯಿಲ್ಲ. ಇಬ್ಬರು ಗಾಯಗೊಂಡರೆ ಇಡೀ ಜೋಡಣೆ ಕುಸಿಯುತ್ತದೆ. ಪೋಸಿ ಆ ನವೆಂಬರಿನಲ್ಲೇ ನಿವೃತ್ತರಾದರು, ಗಾಸ್‌ಮನ್ ಹೋದರು. ಬ್ಯಾಟಿಂಗಿಗಾಗಿ ಅಕ್ಕಪಕ್ಕದ ಜಾಗಗಳಲ್ಲಿ ಹೊಂದಿಸಿ ನಿಲ್ಲಿಸಿದವರ ಫೀಲ್ಡಿಂಗ್ ಬಣ್ಣ ಬಯಲಾಯಿತು. 2022ರಿಂದ ಸಾಲಾಗಿ 81, 79, 80, 81 ಗೆಲುವು. 2021ರ ಅಕ್ಟೋಬರಿನಲ್ಲಿ ಡಾಡ್ಜರ್ಸ್ ವಿರುದ್ಧದ ಪ್ಲೇಆಫ್ ಸರಣಿಯ ಐದನೇ ಪಂದ್ಯ ವಿಲ್ಮರ್ ಫ್ಲೋರೆಸ್ ಬ್ಯಾಟ್ ತಡೆದರೋ ಬೀಸಿದರೋ ಎಂಬ ಅಂಪೈರ್ ತೀರ್ಪಿನಲ್ಲಿ 2-1ರ ಸೋಲಾಗಿ ಮುಗಿದದ್ದನ್ನು ಹಳಬರು ಇನ್ನೂ ಮರೆತಿಲ್ಲ. ಆ ತೀರ್ಪು ತಪ್ಪೇ. ಆದರೆ ಆಗಲೇ ಸ್ಟ್ರೈಕ್ ಎರಡಾಗಿತ್ತು, ಔಟ್ ಎರಡಾಗಿತ್ತು, ಮುಂದಿನ ನಾಲ್ಕು ವರ್ಷದ ಕಥೆಗೂ ಅದಕ್ಕೂ ಸಂಬಂಧವಿಲ್ಲ.

2024ರ ಋತು ಮುಗಿದೊಡನೆ ಝೈದಿ ಜಾಗಕ್ಕೆ ಪೋಸಿಯೇ ಮುಖ್ಯಸ್ಥರಾಗಿ ಬಂದರು. 2025ರ ಜೂನ್ 15ರಂದು ಡೆವರ್ಸ್‌ರನ್ನು ತಂದಾಗ ತಂಡ 41 ಗೆದ್ದು 31 ಸೋತಿತ್ತು. ಆರೇ ವಾರದಲ್ಲಿ ಜುಲೈ ಕೊನೆಗೆ ಅದೇ ಕಚೇರಿ ಆಟಗಾರರನ್ನು ಮಾರುವ ಕಡೆ ನಿಂತಿತ್ತು: ಟೈಲರ್ ರಾಜರ್ಸ್ ಮೆಟ್ಸ್‌ಗೆ, ಕಮಿಲೊ ದೊವಾಲ್ ಯಾಂಕೀಸ್‌ಗೆ, ಮೈಕ್ ಯಸ್ಟ್ರೆಮ್‌ಸ್ಕಿ ಕನ್ಸಾಸ್ ಸಿಟಿಗೆ. ಆಮೇಲೆ ಉಳಿದ ಮುಖ್ಯ ರಿಲೀವರ್ (ಆರಂಭಿಕ ಪಿಚರ್ ಇಳಿದ ಮೇಲೆ ಬರುವ ಪಿಚರ್) ರ್‍ಯಾಂಡಿ ರೊಡ್ರಿಗೆಸ್ ಮೊಣಕೈ ಗಾಯಕ್ಕೆ ಬಿದ್ದರು. ಕೊನೆಯ ಇನ್ನಿಂಗ್ಸ್ ಕಾಯುವ ಬುಲ್‌ಪೆನ್ ಖಾಲಿಯಾದ ಮೇಲೆ ಆರಂಭದ ಪಿಚರ್ ಎಷ್ಟು ಚೆನ್ನಾಗಿ ಹಾಕಿ ಏನು ಫಲ? ಆ ವರ್ಷ ನ್ಯಾಷನಲ್ ಲೀಗಿನ (ಮೇಜರ್ ಲೀಗಿನ ಎರಡು ಭಾಗಗಳಲ್ಲಿ ಜಯಂಟ್ಸ್ ಇರುವ ಭಾಗ) ಕೊನೆಯ ಪ್ಲೇಆಫ್ ಜಾಗ ಸಿನ್ಸಿನಾಟಿಗೆ ಸಿಕ್ಕಿದ್ದು 83 ಗೆಲುವಿಗೆ. ಅಂದರೆ ಎರಡೇ ಪಂದ್ಯದ ದೂರ. ಮಾರಾಟದಲ್ಲಿ ಬಂದ ಎಳೆಯರು ಮುಂದೆ ಬೆಲೆ ತಂದುಕೊಟ್ಟಾರು, ಆದರೂ ಆ ಮೂವರಲ್ಲಿ ಇಬ್ಬರು ರಿಲೀವರ್‌ಗಳನ್ನು ಒಟ್ಟಿಗೇ ಬಿಟ್ಟದ್ದು ಆತುರವಾಯಿತು.

ಇನ್ನೊಂದು ತೂತು ಔಟ್‌ಫೀಲ್ಡ್. 2007ರಲ್ಲಿ ಬಾಂಡ್ಸ್ ನಿಂತ ಲೆಫ್ಟ್ ಫೀಲ್ಡಿನಲ್ಲಿ ಋತುವಿನ ಮೊದಲ ಪಂದ್ಯಕ್ಕೆ ನಿಂತವರ ಪಟ್ಟಿ ತೆಗೆದರೆ, 2025ರಲ್ಲಿ ರಾಮೋಸ್‌ವರೆಗೆ ಪ್ರತಿವರ್ಷವೂ ಬೇರೆ ಹೆಸರು. ರಾಮೋಸ್ ಬ್ಯಾಟು ಒಳ್ಳೆಯದು. 2024ರಲ್ಲಿ ಆಲ್-ಸ್ಟಾರ್ ಆದಾಗ, 1986ರ ಚಿಲಿ ಡೇವಿಸ್ ನಂತರ ಮನೆಯಲ್ಲೇ ಬೆಳೆದ ಮೊದಲ ಔಟ್‌ಫೀಲ್ಡರ್ ಅವರು. ಆದರೆ 2025ರಲ್ಲಿ ಅವರ ಫೀಲ್ಡಿಂಗ್ ಸೊರಗಿತು. ಸೆಂಟರ್‌ನಲ್ಲಿ ಲೀ ಜಂಗ್-ಹೂ ಕೂಡ ಸರಾಸರಿಗಿಂತ ಕೆಳಗೇ ಇದ್ದರು. ಲೀಗೆ 6 ವರ್ಷಕ್ಕೆ 11.3 ಕೋಟಿ. 2024ರ ಮೇ ತಿಂಗಳಲ್ಲಿ ಇದೇ ಮೈದಾನದ ಗೋಡೆಗೆ ಹಾರಿ ಭುಜ ಕಳಚಿಕೊಂಡು ಆ ವರ್ಷ 37 ಪಂದ್ಯಕ್ಕೇ ಮುಗಿಸಿದರು. ಕಾಂಟ್ಯಾಕ್ಟ್ ಹಿಟ್ಟರ್ (ಬಲಕ್ಕಿಂತ ಚೆಂಡಿಗೆ ಬ್ಯಾಟ್ ತಾಗಿಸುವುದನ್ನೇ ನೆಚ್ಚಿದವನು) ಆಗಿ ಅವರು ಇಲ್ಲಿಗೆ ಒಗ್ಗುತ್ತಾರೆ. ಸೆಂಟರ್ ಫೀಲ್ಡಿನ ಭಾರ ಹೊರಲು ಒಗ್ಗಲಿಲ್ಲ, ಮೂಲೆಗೆ ಸರಿಸುವುದೇ ಸರಿ.

ಹಾಗಾಗಿ ತಂಡಕ್ಕೆ ಏನು ಬೇಕು ಎಂದು ನಮ್ಮನ್ನು ಕೇಳಿದರೆ ಕ್ರಮ ಹೀಗೆ. ಮೊದಲು ಟ್ರಿಪಲ್ಸ್ ಆ್ಯಲಿವರೆಗೆ ಓಡಬಲ್ಲ ಸೆಂಟರ್ ಫೀಲ್ಡರ್, ಬ್ಯಾಟಿಂಗ್ ಸಾಧಾರಣವಿದ್ದರೂ ಚಿಂತೆಯಿಲ್ಲ. ಆಮೇಲೆ ಏಳು, ಎಂಟು, ಒಂಬತ್ತನೇ ಇನ್ನಿಂಗ್ಸಿಗೆ ನಂಬಬಹುದಾದ ಮೂವರು. ಮೂರನೆಯದಾಗಿ ಲೋಗನ್ ವೆಬ್ ಹಿಂದೆ ನಿಲ್ಲುವ ಒಬ್ಬ ಆರಂಭಿಕ ಪಿಚರ್. ಇಲ್ಲಿ ಒಂದು ಸೂಕ್ಷ್ಮವಿದೆ. ವೆಬ್ ಸಿಂಕರ್ ಮತ್ತು ಚೇಂಜ್‌ಅಪ್ ಎಂಬ ಕೆಳಕ್ಕಿಳಿಯುವ ಎಸೆತಗಳಿಂದ ಚೆಂಡನ್ನು ನೆಲಕ್ಕೆ ಹೊಡೆಸುವವರು. 2025ರಲ್ಲಿ 207 ಇನ್ನಿಂಗ್ಸ್, 224 ಸ್ಟ್ರೈಕ್‌ಔಟ್, ಎರಡರಲ್ಲೂ ನ್ಯಾಷನಲ್ ಲೀಗಿಗೇ ಮೊದಲಿಗರು. ನೆಲದ ಚೆಂಡಿಗೆ ಗೋಡೆ ಎಷ್ಟು ದೂರವಾದರೇನು? ಅವರು ಯಾವ ಊರಿನಲ್ಲೂ ಗೆಲ್ಲುತ್ತಾರೆ, ಅವರಿಗೆ ಬೇಕಿರುವುದು ಚ್ಯಾಪ್‌ಮನ್ ಥರದ ಇನ್‌ಫೀಲ್ಡರ್. ಓರಾಕಲ್ ಪಾರ್ಕಿನ ಪೂರ್ತಿ ಪ್ರಯೋಜನ ಸಿಗುವುದು ಚೆಂಡನ್ನು ಗಾಳಿಗೆ ಎತ್ತಿಸುವ ಪಿಚರ್‌ಗೆ, ರಾಬಿ ರೇ ಥರದವರಿಗೆ. ಅಂಥವರು ಬೇರೆಡೆ ಹೋಮ್ ರನ್ ಕೊಟ್ಟು ಅಗ್ಗವಾಗಿರುತ್ತಾರೆ, ಅಲ್ಲೇ ಚೌಕಾಸಿ ಮಾಡಬೇಕು. ಡೆವರ್ಸ್ ವಿಷಯದಲ್ಲಿ ನಮಗೆ ಆತಂಕ ಕಡಿಮೆ. ಎಡಗೈಯವರಾದರೂ ಲೆಫ್ಟ್-ಸೆಂಟರ್ ಕಡೆಗೂ ಬಲವಾಗಿ ಹೊಡೆಯುತ್ತಾರೆ. 2025ರ ಸೆಪ್ಟೆಂಬರಿನಲ್ಲಿ ಮೊದಲ ಸಲ ಕಾಣಿಸಿಕೊಂಡ 6 ಅಡಿ 7 ಅಂಗುಲದ ಬ್ರೈಸ್ ಎಲ್ಡ್ರಿಡ್ಜ್ ಕೂಡ ಎಡಗೈ ಬ್ಯಾಟರ್. ಅವರು ಆ ಮೂಲೆಗೆ ಹೆದರಿ ಬ್ಯಾಟಿಂಗ್ ಬದಲಿಸಿಕೊಳ್ಳದಂತೆ ನೋಡಿಕೊಳ್ಳುವುದು ಕೋಚ್‌ಗಳ ಕೆಲಸ.

ಮ್ಯಾನೇಜರ್ ಬದಲಾವಣೆಗೆ ಅಷ್ಟೇನೂ ತೂಕ ಕೊಡಬೇಡಿ. ಬಾಬ್ ಮೆಲ್ವಿನ್ ಹೋಗಿ ಟೆನೆಸಿ ವಿಶ್ವವಿದ್ಯಾಲಯದ ಟೋನಿ ವಿಟೆಲ್ಲೊ ಬಂದಿದ್ದಾರೆ. ಕಾಲೇಜಿನಲ್ಲಿ 2024ರ ಚಾಂಪಿಯನ್, ವೃತ್ತಿಪರ ಬೇಸ್‌ಬಾಲ್‌ನಲ್ಲಿ ಕೋಚ್ ಆಗಿಯೂ ಅನುಭವವಿಲ್ಲ. ಧೈರ್ಯದ ಪ್ರಯೋಗ. ಆದರೆ 162 ಪಂದ್ಯಗಳಲ್ಲಿ ಮ್ಯಾನೇಜರ್ ಕೈಯಲ್ಲಿರುವ ಮುಖ್ಯ ಕೆಲಸ ಬುಲ್‌ಪೆನ್ ಅನ್ನು ದಣಿಯದಂತೆ ಬಳಸುವುದು. ಕಾಲೇಜಿನಲ್ಲಿ ವಾರಕ್ಕೆ ನಾಲ್ಕೈದು ಪಂದ್ಯ, ಇಲ್ಲಿ ಆರೇಳು. ಅವರನ್ನು ಅಳೆಯುವುದಾದರೆ ಅದರಿಂದ ಅಳೆಯಿರಿ.

ಕ್ಯಾಚರ್ ಪ್ಯಾಟ್ರಿಕ್ ಬೇಲಿ ಮೇಲೂ ಕಣ್ಣಿಡಿ. ಬ್ಯಾಟಿಂಗ್ ಸಾಮಾನ್ಯ, ಆದರೆ 2024, 2025 ಎರಡೂ ವರ್ಷ ಗೋಲ್ಡ್ ಗ್ಲವ್ (ಶ್ರೇಷ್ಠ ಫೀಲ್ಡಿಂಗಿನ ಪ್ರಶಸ್ತಿ). ಅವರ ಕಸುಬು ‘ಫ್ರೇಮಿಂಗ್’: ಸ್ಟ್ರೈಕ್ ವಲಯದ ಅಂಚಿಗೆ ತಾಗಿಯೂ ತಾಗದಂತೆ ಬಂದ ಚೆಂಡನ್ನು ಹಿಡಿಯುವಾಗಲೇ ಗ್ಲವ್ ಅನ್ನು ಒಂದೆರಡು ಅಂಗುಲ ಒಳಗೆ ತಂದು, ಅಂಪೈರ್ ಕಣ್ಣಿಗೆ ಸ್ಟ್ರೈಕ್ ಆಗಿ ಕಾಣಿಸುವುದು. ಕೆಳಗಿನ ಅಂಚಿನ ಚೆಂಡಿಗೆ ಗ್ಲವ್ ಮೊದಲೇ ನೆಲದ ಹತ್ತಿರವಿದ್ದು ಮೇಲಕ್ಕೆ ಬರುತ್ತದೆ, ಅದನ್ನು ನೋಡಿದರೆ ಸಾಕು, ಕೆಲಸ ತಿಳಿಯುತ್ತದೆ. 2026ರಿಂದ ಯಂತ್ರದ ಸಹಾಯದ ಚಾಲೆಂಜ್ ಪದ್ಧತಿ ಬಂದಿದೆ. ಪ್ರತಿ ತಂಡಕ್ಕೆ ಎರಡು ಚಾಲೆಂಜ್, ಗೆದ್ದರೆ ಅದು ಉಳಿಯುತ್ತದೆ. ಕೇಳುವ ಹಕ್ಕು ಬ್ಯಾಟರ್, ಪಿಚರ್, ಕ್ಯಾಚರ್‌ಗೆ ಮಾತ್ರ, ಡಗ್‌ಔಟ್‌ನಿಂದ ಸನ್ನೆ ಮಾಡುವಂತಿಲ್ಲ, ತಕ್ಷಣ ಟೋಪಿ ಅಥವಾ ಹೆಲ್ಮೆಟ್ ಮುಟ್ಟಬೇಕು. ಫ್ರೇಮಿಂಗ್ ಸತ್ತಿತು ಎನ್ನುವವರಿದ್ದಾರೆ. ಎರಡೇ ಚಾಲೆಂಜ್ ಇರುವಾಗ ನೂರಾರು ಎಸೆತಗಳ ಅಂಚು ಇನ್ನೂ ಅಂಪೈರ್ ಕಣ್ಣಿಗೇ ಬಿಟ್ಟದ್ದು, ಬೆಲೆ ಕುಗ್ಗೀತು, ಹೋಗದು. ಜೊತೆಗೆ ಯಾವ ಚೆಂಡಿಗೆ ಚಾಲೆಂಜ್ ಹಾಕಬೇಕೆಂಬ ಲೆಕ್ಕ ಎಲ್ಲರಿಗಿಂತ ಚೆನ್ನಾಗಿ ಗೊತ್ತಿರುವವನೇ ಕ್ಯಾಚರ್.

ಅದೇ ಬೇಲಿ 2025ರ ಜುಲೈ 8ರಂದು ಫಿಲಡೆಲ್ಫಿಯಾ ವಿರುದ್ಧ ಒಂಬತ್ತನೇ ಇನ್ನಿಂಗ್ಸಿನಲ್ಲಿ ಮಾಡಿದ್ದನ್ನು ಹುಡುಕಿ ನೋಡಿ. ತಂಡ 1-3 ಹಿಂದೆ, ಇಬ್ಬರು ಬೇಸ್ ಮೇಲೆ. ರೈಟ್-ಸೆಂಟರ್‌ಗೆ ಹೊಡೆದ ಚೆಂಡು ಗೋಡೆಯ ಓರೆ ಮೂಲೆಗೆ ಬಡಿದು, ಫೀಲ್ಡರ್ ಎದುರು ನೋಡಿದ ದಿಕ್ಕು ಬಿಟ್ಟು ಬೇರೆಡೆ ಪುಟಿಯಿತು. ಕ್ಯಾಚರ್‌ಗಳು ಓಟದಲ್ಲಿ ನಿಧಾನವೇ, ಆದರೂ ಅವರು ನಾಲ್ಕೂ ಬೇಸ್ ಸುತ್ತಿ ಮನೆ ಮುಟ್ಟಿದರು, 4-3. ಗೋಡೆ ದಾಟದ ಹೋಮ್ ರನ್, ಈ ಮೈದಾನದಲ್ಲೇ ಆಗಬಹುದಾದದ್ದು.

ಇನ್ನು ನೀವು ಹೋಗುವ ವಿಚಾರ. ಸನ್ನಿವೇಲ್‌ನಿಂದ ಕಾರು ಬೇಡ, ಪಾರ್ಕಿಂಗ್‌ಗೆ ಕೊಡುವ ಹಣದಲ್ಲಿ ಇನ್ನೊಂದು ಟಿಕೆಟ್ ಬರುತ್ತದೆ. ಕ್ಯಾಲ್‌ಟ್ರೇನ್ ಹತ್ತಿ ಕೊನೆಯ ನಿಲ್ದಾಣದಲ್ಲಿ ಇಳಿಯಿರಿ, ಅಲ್ಲಿಂದ ಮೈದಾನ ನಡೆಯುವಷ್ಟೇ ದೂರ. ಮೊದಲ ಸಲಕ್ಕೆ ನೆಲಮಟ್ಟದ ದುಬಾರಿ ಸೀಟು ತೆಗೆದುಕೊಳ್ಳಬೇಡಿ. ಹೋಮ್ ಪ್ಲೇಟ್ ಹಿಂದಿನ ಮೇಲಂತಸ್ತು, 300ರ ಸಾಲಿನ ಸೀಟುಗಳೇ ವಾಸಿ. ಅಲ್ಲಿಂದ ಒಂಬತ್ತೂ ಫೀಲ್ಡರ್‌ಗಳು ಒಂದೇ ನೋಟಕ್ಕೆ ಸಿಗುತ್ತಾರೆ, ಬ್ಯಾಟರ್ ಬದಲಾದಂತೆ ಅವರು ಹೇಗೆ ಸರಿಯುತ್ತಾರೆ ಎಂಬುದು ಕಾಣುತ್ತದೆ. ಹಗಲಿನ ಪಂದ್ಯವಾದರೆ ಮಧ್ಯಾಹ್ನ ಮೂರನೇ ಬೇಸ್ ಕಡೆ ಬಿಸಿಲು ಹೆಚ್ಚು ಹೊತ್ತು ನಿಲ್ಲುತ್ತದೆ, ಮೊದಲ ಬೇಸ್ ಕಡೆಗೆ ಬೇಗ ನೆರಳು. ಸನ್ನಿವೇಲ್‌ನಲ್ಲಿ 30 ಡಿಗ್ರಿ ಇದೆ ಎಂದು ಟೀ ಶರ್ಟಿನಲ್ಲಿ ಹೊರಟವರು ಐದನೇ ಇನ್ನಿಂಗ್ಸಿಗೆ ಅಂಗಡಿಯಲ್ಲಿ ದುಬಾರಿ ಸ್ವೆಟರ್ ಕೊಳ್ಳುತ್ತಾರೆ. ಜಾಕೆಟ್ ಒಯ್ಯಿರಿ. ಹೊರಗಿನ ತಿಂಡಿ ಬಿಡುತ್ತಾರೆ, ಚಪಾತಿ ಪಲ್ಯ ಕಟ್ಟಿಕೊಂಡು ಹೋಗಬಹುದು. ಗಾಜಿನ ಬಾಟಲಿ, ಡಬ್ಬಿ ಪಾನೀಯ ಬಿಡುವುದಿಲ್ಲ. ಬೆಳ್ಳುಳ್ಳಿ ಫ್ರೈಸ್ ಮಾತ್ರ ಅಲ್ಲೇ ಕೊಂಡು ತಿನ್ನಬೇಕು.

ಟಿಕೆಟ್ ಬೆಲೆ ಎದುರಾಳಿಯ ಮೇಲೆ ಏರಿಳಿಯುತ್ತದೆ. ಡಾಡ್ಜರ್ಸ್ ಬಂದಾಗ ಗಗನಕ್ಕೆ, ಏಪ್ರಿಲ್-ಮೇ ತಿಂಗಳ ಸೋಮವಾರ, ಮಂಗಳವಾರಗಳಲ್ಲಿ ಕೊಲರಾಡೊ ಅಥವಾ ಮಯಾಮಿ ಬಂದಾಗ ನೆಲಕ್ಕೆ. ಖರ್ಚೇ ಬೇಡವೆಂದರೆ ಬಲಗೋಡೆಯ ಹೊರಗೆ, ನೀರಿನ ಪಕ್ಕದ ಕಾಲುದಾರಿಯಲ್ಲಿ ಕಮಾನುಗಳ ಜಾಲರಿಯಿಂದ ಮೂರು ಇನ್ನಿಂಗ್ಸ್ ಪುಕ್ಕಟೆ ನಿಂತು ನೋಡಬಹುದು. ರೈಟ್ ಫೀಲ್ಡರ್ ನಿಮ್ಮ ಎದುರಿಗೇ ಬೆನ್ನು ಹಾಕಿ ನಿಂತಿರುತ್ತಾನೆ, ಚೆಂಡು ಆ ಗೋಡೆಗೆ ಬಡಿದಾಗ ಅವನು ಯಾವ ಕಡೆ ಓಡುತ್ತಾನೆ ಎಂಬುದು ಅಲ್ಲಿಂದ ಕಂಡಷ್ಟು ಸ್ಪಷ್ಟವಾಗಿ ಟಿವಿಯಲ್ಲೂ ಕಾಣದು.

ಪಂದ್ಯದ ನಡುವೆ ಮೂರು ವಿಷಯ ಗಮನಿಸಿ. ಆರಂಭಿಕ ಪಿಚರ್‌ನ ಎಸೆತಗಳ ಲೆಕ್ಕ ಫಲಕದಲ್ಲಿರುತ್ತದೆ. 85 ದಾಟುವ ಹೊತ್ತಿಗೆ, ಅಥವಾ ಅದೇ ಬ್ಯಾಟರ್‌ಗಳು ಮೂರನೇ ಸಲ ಎದುರಾಗುವಾಗ, ರೈಟ್-ಸೆಂಟರ್ ಗೋಡೆಯಾಚೆ ಬುಲ್‌ಪೆನ್‌ನಲ್ಲಿ ಯಾರು ಎದ್ದಿದ್ದಾರೆ, ಎಡಗೈಯೋ ಬಲಗೈಯೋ ನೋಡಿ. ಎದ್ದುಬಂದವನು ಕನಿಷ್ಠ ಮೂವರು ಬ್ಯಾಟರ್‌ಗಳನ್ನು ಎದುರಿಸಲೇಬೇಕು, ಅಥವಾ ಇನ್ನಿಂಗ್ಸ್ ಮುಗಿಸಬೇಕು. ಹಾಗಾಗಿ ಮ್ಯಾನೇಜರ್ ಮುಂದಿನ ಒಬ್ಬನನ್ನಲ್ಲ, ಮೂವರನ್ನು ನೋಡಿ ಕರೆಯುತ್ತಾನೆ. ಪಿಚ್ ಗಡಿಯಾರ ಬೇಸ್ ಖಾಲಿ ಇದ್ದರೆ 15 ಸೆಕೆಂಡು, ಜನರಿದ್ದರೆ 18. ದಣಿದ ಪಿಚರ್ ಕೊನೆಯ ಒಂದೆರಡು ಸೆಕೆಂಡಿನವರೆಗೆ ಎಳೆಯತೊಡಗುತ್ತಾನೆ, ಅದೇ ಮೊದಲ ಸೂಚನೆ. ರೈಟ್-ಸೆಂಟರ್‌ಗೆ ಚೆಂಡು ಹೋದರೆ ಚೆಂಡನ್ನು ಬಿಟ್ಟು, ಎರಡನೇ ಬೇಸ್ ಸುತ್ತುತ್ತಿರುವ ಓಟಗಾರನನ್ನೂ ಮೂರನೇ ಬೇಸ್ ಕೋಚ್ ಕೈಯನ್ನೂ ನೋಡಿ.

ಸಾಧ್ಯವಾದರೆ ವೆಬ್ ಹಾಕುವ ದಿನವನ್ನೇ ಆರಿಸಿಕೊಳ್ಳಿ. ಆರಂಭಿಕ ಪಿಚರ್‌ಗಳ ಸರದಿ ಸಾಮಾನ್ಯವಾಗಿ ಐದು ದಿನಕ್ಕೊಮ್ಮೆ ಬರುತ್ತದೆ, ಮಧ್ಯೆ ರಜೆ ಬಂದರೆ ಆರಾಗುತ್ತದೆ. ಮುಂದಿನ ಮೂರ್ನಾಲ್ಕು ದಿನದ ಹೆಸರುಗಳು ಲೀಗಿನ ಆ್ಯಪ್‌ನಲ್ಲಿ ಮೊದಲೇ ಸಿಗುತ್ತವೆ, ಟಿಕೆಟ್ ಕೊಳ್ಳುವುದನ್ನು ಅಲ್ಲಿಯವರೆಗೆ ತಡೆಹಿಡಿಯಿರಿ. ಊರಿನಿಂದ ಅಪ್ಪ-ಅಮ್ಮ ಜೊತೆಗೇ ನೋಡಬೇಕೆಂದರೆ, ಸಂಜೆ 6.45ರ ತವರಿನ ಪಂದ್ಯ ಬೆಂಗಳೂರಿನಲ್ಲಿ ಮರುದಿನ ಬೆಳಿಗ್ಗೆ 7.15ಕ್ಕೆ ಶುರುವಾಗುತ್ತದೆ, ಸಾಮಾನ್ಯವಾಗಿ ಹತ್ತರೊಳಗೆ ಮುಗಿಯುತ್ತದೆ.